ಕಲಬುರಗಿಯಲ್ಲಿ ಅಕ್ಷ ಮಲಗಬೇಕು: 17 ಡಿಗ್ರಿಗೆ ಈಕ್ವಟೋರಿಯಲ್ ಮೌಂಟ್ ಹೊಂದಿಸುವ ಬಗೆ

ಈಕ್ವಟೋರಿಯಲ್ ಮೌಂಟ್ ಎಂದರೆ ಟೆಲಿಸ್ಕೋಪನ್ನು ಹೊತ್ತು, ಆಕಾಶ ತಿರುಗಿದಂತೆ ಅದನ್ನೂ ತಿರುಗಿಸುವ ಆಸರೆ. ಅದರ ಜೊತೆ ಬರುವ ಕೈಪಿಡಿಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಧ್ರುವ ಅಕ್ಷ, ಅಂದರೆ ಮೌಂಟ್ ತಿರುಗುವ ಮುಖ್ಯ ಅಕ್ಷ, ಅರ್ಧ ಎದ್ದು ನಿಂತಿರುತ್ತದೆ. ಟೆಲಿಸ್ಕೋಪಿನ ಭಾರ ಸರಿದೂಗಿಸುವ ಎದುರುತೂಕದ ಸರಳು ಮುಕ್ಕಾಲಿಯಿಂದ ದೂರಕ್ಕೆ ಚಾಚಿಕೊಂಡಿರುತ್ತದೆ. ಅದು 40–50 ಡಿಗ್ರಿ ಅಕ್ಷಾಂಶದ ಊರುಗಳ ಚಿತ್ರ. ಕಲಬುರಗಿ ಇರುವುದು 17 ಡಿಗ್ರಿ 20 ಕಲೆಯಲ್ಲಿ, ಬೀದರ್ 17 ಡಿಗ್ರಿ 55 ಕಲೆಯಲ್ಲಿ, ಯಾದಗಿರಿ 16 ಡಿಗ್ರಿ 46 ಕಲೆಯಲ್ಲಿ. (ಡಿಗ್ರಿಯ 60ನೇ ಪಾಲು ಕಲೆ, ಕಲೆಯ 60ನೇ ಪಾಲು ವಿಕಲೆ. ಗಡಿಯಾರದ ನಿಮಿಷದೊಂದಿಗೆ ಗೊಂದಲವಾಗದಿರಲಿ ಎಂದು ಪಂಚಾಂಗದ ಈ ಹೆಸರುಗಳನ್ನೇ ಬಳಸೋಣ.) ಇಲ್ಲಿಯ ಮಾಳಿಗೆಯ ಮೇಲೆ ಮೌಂಟ್ ಇಟ್ಟು ಧ್ರುವಕ್ಕೆ ಹೊಂದಿಸಿದರೆ ಅಕ್ಷ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಮೊದಲ ಸಲ ನೋಡಿದವರಿಗೆ ಎಲ್ಲೋ ತಪ್ಪಾಗಿದೆ ಅನ್ನಿಸುತ್ತದೆ. ತಪ್ಪೇನೂ ಆಗಿರುವುದಿಲ್ಲ. ಆದರೆ ಅಕ್ಷ ಮಲಗಿದ ಕೂಡಲೇ ತೂಕ ಎಳೆಯುವ ರೀತಿ, ಸರಳು ಇಳಿಯುವ ದಾರಿ, ಬೋಲ್ಟಿನ ಮೇಲಿನ ಭಾರ ಮೂರೂ ಬದಲಾಗುತ್ತವೆ. ನಮ್ಮ ಕಡೆ ಈ ಮೌಂಟ್‌ಗಳು ಕೊಡುವ ತೊಂದರೆಯ ಬಹುಪಾಲು ಹುಟ್ಟುವುದು ಅಲ್ಲೇ.

ಧ್ರುವ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತರೆ ಒಂದೇ ಮೋಟಾರು ನಕ್ಷತ್ರವನ್ನು ನೋಟದಲ್ಲಿ ಹಿಡಿದಿಡುತ್ತದೆ. ದಿಗಂತದಿಂದ ಆ ಅಕ್ಷ ಎಷ್ಟು ಎತ್ತರಕ್ಕೆ ಮುಖ ಮಾಡಬೇಕೋ ಅದೇ ಊರಿನ ಅಕ್ಷಾಂಶ. ತತ್ವ ಇಷ್ಟೇ. ಉಳಿದದ್ದೆಲ್ಲ ಕಬ್ಬಿಣ, ತೂಕ, ನೆಲದ ಮಾತು.

ಬೀಸುವ ಕಲ್ಲು ಮತ್ತು ರಾಟೆ

ಬೀಸುವ ಕಲ್ಲಿನ ಗೂಟ ನೆಟ್ಟಗಿರುತ್ತದೆ. ಮೇಲಿನ ಕಲ್ಲಿನ ಒಂದು ಮಗ್ಗುಲು ತುಸು ಭಾರವಾಗಿದ್ದರೂ ಅದು ತಾನಾಗಿ ತಿರುಗುವುದಿಲ್ಲ. ಬಾವಿಯ ರಾಟೆಯ ಅಕ್ಷ ಅಡ್ಡ; ಒಂದು ಕಡೆಯ ಕೊಡ ಭಾರವಾದರೆ ಸರ್ರನೆ ಉರುಳುತ್ತದೆ. ಉತ್ತರ ಧ್ರುವದಲ್ಲಿ ಮೌಂಟ್‌ನ ಅಕ್ಷ ಬೀಸುವ ಕಲ್ಲಿನ ಹಾಗೆ, ಭೂಮಧ್ಯರೇಖೆಯಲ್ಲಿ ರಾಟೆಯ ಹಾಗೆ. ನಡುವಿನ ಊರುಗಳಲ್ಲಿ ಸಮತೋಲ ತಪ್ಪಿದ ತೂಕ ಅಕ್ಷವನ್ನು ಎಳೆಯುವ ಬಲ ಅಕ್ಷಾಂಶದ ಕೊಸೈನ್‌ಗೆ ತಕ್ಕಂತೆ ಇರುತ್ತದೆ. 50 ಡಿಗ್ರಿಯಲ್ಲಿ ಅದು 0.64, ಕಲಬುರಗಿಯಲ್ಲಿ 0.95. ಅದೇ ಟೆಲಿಸ್ಕೋಪು, ಅದೇ ತಪ್ಪು ಸಮತೋಲ. ಆದರೂ ಗೇರಿನ ಹಲ್ಲಿನ ಮೇಲೆ ಇಲ್ಲಿ ಬೀಳುವ ಎಳೆತ ಒಂದೂವರೆ ಪಟ್ಟು.

ಹಾಗಾಗಿ ಸಮತೋಲದ ಕೆಲಸದಲ್ಲಿ ಅವಸರ ಸಲ್ಲದು. ಫೈಂಡರ್ (ಗುರಿ ಹಿಡಿಯುವ ಚಿಕ್ಕ ದೂರದರ್ಶಕ), ಕ್ಯಾಮೆರಾ, ಕೇಬಲ್ಲು ಎಲ್ಲ ಹಾಕಿದ ಮೇಲೆಯೇ ತೂಗಬೇಕು. ಸರಳನ್ನು ನೆಲಕ್ಕೆ ಸಮನಾಗಿ ಅಡ್ಡ ತಂದು, ಒಂದು ಕೈ ಟೆಲಿಸ್ಕೋಪಿನ ಕೊಳವೆಯ ಮೇಲಿಟ್ಟೇ ಧ್ರುವ ಅಕ್ಷದ ಕ್ಲಚ್ (ಅಕ್ಷವನ್ನು ಬಿಗಿಹಿಡಿಯುವ ಹಿಡಿ) ಸಡಿಲಿಸಿ. ಇಲ್ಲಿ ಕೊಳವೆ ನಿಧಾನವಾಗಿ ಜಾರುವುದಿಲ್ಲ, ಬೀಸಿ ಬಂದು ಮುಕ್ಕಾಲಿಗೆ ಬಡಿಯುತ್ತದೆ. ಎದುರುತೂಕವನ್ನು ಅರ್ಧ ಸೆಂಟಿಮೀಟರಿನಷ್ಟು ಆಚೀಚೆ ಸರಿಸುತ್ತ, ಕೈ ಬಿಟ್ಟರೂ ಕೊಳವೆ ಅಲ್ಲೇ ನಿಲ್ಲುವ ಜಾಗ ಹುಡುಕಬೇಕು. ಆಮೇಲೆ ಡೆಕ್ ಅಕ್ಷದ (ಧ್ರುವ ಅಕ್ಷಕ್ಕೆ ಲಂಬವಾದ ಎರಡನೇ ಅಕ್ಷದ) ಕ್ಲಚ್ ಬಿಟ್ಟು ಕೊಳವೆಯನ್ನು ಹಿಂದೆ ಮುಂದೆ ಸರಿಸಿ ತೂಗಬೇಕು. ಚಿತ್ರ ತೆಗೆಯುವವರು ಕೊನೆಗೆ ಪೂರ್ವದ ಕಡೆ ಚೂರೇ ಚೂರು ಭಾರ ಉಳಿಸಿಕೊಳ್ಳುವುದು ಒಳ್ಳೆಯದು. ಗೇರಿನ ಹಲ್ಲುಗಳು ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತವೆ, ನಡುನಡುವೆ ಜಿಗಿಯುವುದಿಲ್ಲ.

ಉತ್ತರದ ಕಾಲಿಗೆ ಬಡಿಯುವ ಸರಳು

ಕೈಪಿಡಿಗಳು ಮುಕ್ಕಾಲಿಯ ಒಂದು ಕಾಲನ್ನು ಉತ್ತರಕ್ಕೆ ಇಡಿ ಎನ್ನುತ್ತವೆ. 45 ಡಿಗ್ರಿಯಲ್ಲಿ ಆ ಮಾತು ಸರಿ. ಸರಳು ಧ್ರುವ ಅಕ್ಷಕ್ಕೆ ಲಂಬವಾದ್ದರಿಂದ, ಕೆಳಮುಖವಾಗಿ ನಿಂತಾಗ ನೆಟ್ಟ ರೇಖೆಯಿಂದ ಅಕ್ಷಾಂಶದಷ್ಟೇ ಉತ್ತರಕ್ಕೆ ವಾಲುತ್ತದೆ. ಅಲ್ಲಿ 45 ಡಿಗ್ರಿ ವಾಲಿ ಕಾಲಿನಿಂದ ದೂರ ಉಳಿಯುತ್ತದೆ. ಇಲ್ಲಿ ವಾಲುವುದು 17 ಡಿಗ್ರಿ ಮಾತ್ರ, ಕಾಲು ಚಾಚಿರುವುದು ಇನ್ನೂ ಹೆಚ್ಚು ಓರೆಯಾಗಿ. ಸರಳಿನ ತುದಿಯ ತೂಕ ನೇರ ಹೋಗಿ ಉತ್ತರದ ಕಾಲಿಗೆ ತಾಗುತ್ತದೆ. ತಾಗುವುದು ಸರಳು ಕೆಳಗಿರುವ ಹೊತ್ತಿನಲ್ಲಿ, ಅಂದರೆ ಕೊಳವೆ ಧ್ರುವದ ಕಡೆ ನೋಡುತ್ತ ವಿಶ್ರಾಂತಿಯಲ್ಲಿರುವಾಗ ಮತ್ತು ಪೂರ್ವ–ಪಶ್ಚಿಮ ದಿಗಂತದ ಹತ್ತಿರದ ಕಾಯಗಳನ್ನು ನೋಡುವಾಗ. ಕೇಳಿದ ಕಾಯದ ಕಡೆಗೆ ತಾನೇ ತಿರುಗುವ ಗೋ-ಟು ಮೌಂಟ್ ಆದರೆ ಕತ್ತಲಲ್ಲಿ ಟಕ್ ಎಂದು ಸದ್ದಾಗುತ್ತದೆ, ಮೋಟಾರು ನರಳುತ್ತದೆ, ಆ ಹೊತ್ತಿನಿಂದ ಮೌಂಟ್‌ಗೆ ತಾನು ಎಲ್ಲಿ ನೋಡುತ್ತಿದ್ದೇನೆ ಎಂಬ ಲೆಕ್ಕವೇ ತಪ್ಪುತ್ತದೆ.

ಇದಕ್ಕೆ ಒಳ್ಳೆಯ ಪರಿಹಾರ ಮುಕ್ಕಾಲಿಯನ್ನೇ ತಿರುಗಿಸುವುದು: ಒಂದು ಕಾಲು ದಕ್ಷಿಣಕ್ಕೆ, ಉತ್ತರದ ಕಡೆ ಎರಡು ಕಾಲುಗಳ ನಡುವಿನ ಬಯಲು. ಸರಳು ಆ ಬಯಲಿಗೆ ಇಳಿಯುತ್ತದೆ. ಅಡ್ಡಿ ಒಂದೇ. ಮುಕ್ಕಾಲಿಯ ತಲೆಯ ಮೇಲೆ, ದಿಕ್ಕು ತಿದ್ದುವ ಎರಡು ತಿರುಪುಗಳು ಒತ್ತುವ ಚಿಕ್ಕ ಲೋಹದ ಗೂಟ ಒಂದು ಕಾಲಿನ ನೇರಕ್ಕೇ ಇರುತ್ತದೆ. ಅದನ್ನು ಬಿಚ್ಚಿ ಎದುರು ಮಗ್ಗುಲಿಗೆ ಹಾಕಬೇಕು. ಕೆಲವು ಮುಕ್ಕಾಲಿಗಳಲ್ಲಿ ಅದಕ್ಕೆ ತೂತು ಮೊದಲೇ ಇರುತ್ತದೆ. ಇಲ್ಲದಿದ್ದರೆ ಲೇತ್ ಅಂಗಡಿಗೆ ಒಯ್ದು ನೇರ ಎದುರಿಗೆ ತೂತು ಕೊರೆಸಿ, ಗೂಟದ ಥ್ರೆಡ್ಡಿಗೆ ಸರಿಯಾಗಿ ಟ್ಯಾಪ್ ಹೊಡೆಸಿಕೊಂಡರೆ ಆಯಿತು.

ಹೀಗೆ ತಿರುಗಿಸಿದ್ದಕ್ಕೆ ಒಂದು ಬೆಲೆ ತೆರಬೇಕಾಗುತ್ತದೆ. ಅಕ್ಷ ಮಲಗಿದಾಗ ಮೌಂಟ್‌ನ ತಲೆ, ಕೊಳವೆ, ಎದುರುತೂಕ ಎಲ್ಲ ಉತ್ತರಕ್ಕೆ ಚಾಚಿಕೊಳ್ಳುತ್ತವೆ. ನಡುವಿನಿಂದ ಪ್ರತಿ ಕಾಲಿನ ಪಾದ 60 ಸೆಂ.ಮೀ. ದೂರವಿದ್ದರೆ, ಉತ್ತರದಲ್ಲಿ ಕಾಲಿದ್ದಾಗ ಆ ಕಡೆ 60 ಸೆಂ.ಮೀ. ಆಸರೆ ಇತ್ತು, ಈಗ ಎರಡು ಪಾದ ಸೇರಿಸುವ ಗೆರೆಯವರೆಗೆ 30 ಸೆಂ.ಮೀ. ಮಾತ್ರ. ಅದಕ್ಕಾಗಿ ಕಾಲುಗಳನ್ನು ಪೂರ್ತಿ ಅಗಲಿಸಿ, ಉದ್ದ ಕಡಿಮೆ ಮಾಡಿ, ನಡುವಿನ ಕೊಂಡಿಗೆ 8–10 ಕೆಜಿ ಮರಳಿನ ಚೀಲ ತೂಗುಬಿಡಬೇಕು. ಯಾವಾಗಲೂ ಎದುರುತೂಕ ಮೊದಲು, ಕೊಳವೆ ಆಮೇಲೆ. ಇಳಿಸುವಾಗ ಕೊಳವೆ ಮೊದಲು. ಮುಕ್ಕಾಲಿ ಮತ್ತು ತಲೆಯ ನಡುವೆ ಉದ್ದದ ಕಂಬ ಸೇರಿಸುವುದೂ ಒಂದು ದಾರಿ. ಉದ್ದ ರಿಫ್ರಾಕ್ಟರ್ (ಮಸೂರದ ಟೆಲಿಸ್ಕೋಪು) ಇರುವವರಿಗೆ ಅದು ಇನ್ನೊಂದು ಕಾರಣಕ್ಕೂ ಬೇಕು: ನೆತ್ತಿಯ ಹತ್ತಿರ ನೋಡುವಾಗ ಕ್ಯಾಮೆರಾದ ತುದಿ ಕಾಲಿಗೆ ತಾಗುವುದು ತಪ್ಪುತ್ತದೆ. ರೋಹಿಣಿ ನಕ್ಷತ್ರ ಕಲಬುರಗಿಯ ನೆತ್ತಿಯಿಂದ ಒಂದು ಡಿಗ್ರಿಯೊಳಗೇ ಹಾದುಹೋಗುತ್ತದೆ, ಕೃತ್ತಿಕೆ 7 ಡಿಗ್ರಿ ಆಚೆ. ನಮಗೆ ನೆತ್ತಿಯ ನೋಟ ಅಪರೂಪವೇನಲ್ಲ.

ಏನೇ ಮಾಡಿದರೂ ಮೊದಲ ರಾತ್ರಿಗೆ ಮುಂಚೆ, ಬೆಳಕಿರುವಾಗಲೇ ಎರಡೂ ಕ್ಲಚ್ ಸಡಿಲಿಸಿ ಕೊಳವೆಯನ್ನು ಕೈಯಲ್ಲೇ ಎಲ್ಲ ದಿಕ್ಕಿಗೂ ತಿರುಗಿಸಿ ನೋಡಿ. ಎಲ್ಲಿ ಬೆರಳಗಲದ ಜಾಗ ಮಾತ್ರ ಉಳಿಯುತ್ತದೋ ಅಲ್ಲಿ ಬಣ್ಣದ ಟೇಪು ಅಂಟಿಸಿಡಿ.

ಎತ್ತರ ತಿದ್ದುವ ಬೋಲ್ಟು

ಅಕ್ಷದ ಎತ್ತರವನ್ನು ಎರಡು ಬೋಲ್ಟುಗಳು ಎದುರುಬದುರು ಒತ್ತಿ ಹಿಡಿಯುತ್ತವೆ. ಅಕ್ಷ ಮಲಗಿದಷ್ಟೂ ತಲೆಯ ಭಾರ ಕೀಲಿನಿಂದ ಹೊರಕ್ಕೆ ಸರಿದು, ತಲೆಯನ್ನು ಎತ್ತಿ ಹಿಡಿದ ಬೋಲ್ಟಿನ ಮೇಲೇ ಕೂರುತ್ತದೆ. 20 ಕೆಜಿ ಹೇರಿಕೊಂಡೇ ಆ ಬೋಲ್ಟನ್ನು ತಿರುಗಿಸಿದರೆ ತುದಿ ಬಾಗುತ್ತದೆ, ಥ್ರೆಡ್ಡು ಸವೆಯುತ್ತದೆ. ಒರಟು ಹೊಂದಾಣಿಕೆಯನ್ನು ಕೊಳವೆ ಮತ್ತು ಎದುರುತೂಕ ಹೇರುವ ಮೊದಲೇ ಮುಗಿಸಿ. ನುಣುಪು ತಿದ್ದುವಾಗ ಒಂದು ಕೈಯಿಂದ ತಲೆಯನ್ನು ತುಸು ಮೇಲಕ್ಕೆ ಆನಿಸಿ ಹಿಡಿದು, ಎದುರು ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತುವ ಬೋಲ್ಟು ತಿರುಗಿಸಿ. ಗುರಿಗಿಂತ ಚೂರು ಕೆಳಗಿಳಿದು ಮೇಲಕ್ಕೆ ಬರುತ್ತ ನಿಲ್ಲಿಸಬೇಕು. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ರಾತ್ರಿ ನಡುವೆ ಅದು ಇನ್ನಷ್ಟು ಕೂರುತ್ತದೆ. ಬೋಲ್ಟು ಆಗಲೇ ಬಾಗಿದ್ದರೆ ಅದೇ ಅಳತೆಯ ಗಟ್ಟಿ ಉಕ್ಕಿನದನ್ನು ಹಾಕಿಸಿಕೊಳ್ಳಿ.

ಬೋಲ್ಟಿನ ಒಂದು ಸುತ್ತಿಗೆ ಎಷ್ಟು ಎಂಬುದನ್ನೂ ತಿಳಿದಿರಬೇಕು. ಥ್ರೆಡ್ಡಿನ ಅಂತರ 1.5 ಮಿ.ಮೀ. ಇದ್ದು, ಬೋಲ್ಟು ಒತ್ತುವ ಜಾಗ ಕೀಲಿನಿಂದ 6 ಸೆಂ.ಮೀ. ಇದ್ದರೆ ಪೂರ್ತಿ ಸುತ್ತಿಗೆ 1.4 ಡಿಗ್ರಿ, ಕಾಲು ಸುತ್ತಿಗೆ 21 ಕಲೆ. ಯಾದಗಿರಿಯಿಂದ ಬೀದರಿಗೆ ಅದೇ ಮೌಂಟ್ ಒಯ್ದರೆ ಅಕ್ಷಾಂಶ 1 ಡಿಗ್ರಿ 9 ಕಲೆ ಹೆಚ್ಚುತ್ತದೆ, ಸುಮಾರು ಮುಕ್ಕಾಲು ಸುತ್ತು ಎತ್ತಬೇಕು.

ಮೌಂಟ್‌ನ ಮಗ್ಗುಲಿನ ಅಕ್ಷಾಂಶದ ಅಂಕಿಪಟ್ಟಿಯನ್ನು ನಂಬಬೇಡಿ. ಅಗ್ಗದವುಗಳಲ್ಲಿ ಅದು ಎರಡು ಡಿಗ್ರಿ ತಪ್ಪಿದ್ದರೂ ಆಶ್ಚರ್ಯವಿಲ್ಲ. ಕೊಳವೆಯನ್ನು ಧ್ರುವ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿ ಅದರ ಮೇಲೆ ಫೋನಿನ ಕೋನ ಅಳೆಯುವ ಆ್ಯಪ್ ಇಟ್ಟರೆ ಅರ್ಧ ಡಿಗ್ರಿಯೊಳಗೆ ಸಿಗುತ್ತದೆ. ಫೋನನ್ನು ಮೊದಲು ರಸಮಟ್ಟದಿಂದ ನೋಡಿದ ಸಮತಟ್ಟು ಜಾಗದಲ್ಲಿಟ್ಟು ಸೊನ್ನೆ ಮಾಡಿಕೊಳ್ಳಿ.

ಮೌಂಟ್ 20 ಅಥವಾ 22 ಡಿಗ್ರಿಗಿಂತ ಕೆಳಗೆ ಇಳಿಯುವುದೇ ಇಲ್ಲವೆಂದರೆ? ಕೊಳ್ಳುವ ಮುಂಚೆಯೇ ಕೇಳಬೇಕಾದ ಪ್ರಶ್ನೆ ಇದು. ಕೊಂಡಾಗಿದ್ದರೆ ಮುಕ್ಕಾಲಿಯನ್ನೇ ಉತ್ತರಕ್ಕೆ ವಾಲಿಸಬಹುದು. ಅಕ್ಷ ದಿಗಂತದಿಂದ ಎಷ್ಟು ಎತ್ತರ ಎಂಬುದಷ್ಟೇ ಮುಖ್ಯ; ಮುಕ್ಕಾಲಿ ಮಟ್ಟವಾಗಿರಲೇಬೇಕೆಂಬ ನಿಯಮವಿಲ್ಲ. ಪಾದಗಳ ನಡುವೆ ಒಂದು ಮೀಟರ್ ಅಂತರವಿದ್ದರೆ, ಉತ್ತರದ ಕಾಲು ದಕ್ಷಿಣದವಕ್ಕಿಂತ 7.6 ಸೆಂ.ಮೀ. ತಗ್ಗಿದಾಗ ಅಕ್ಷ 5 ಡಿಗ್ರಿ ಇಳಿಯುತ್ತದೆ. ಮುಕ್ಕಾಲಿಯೂ ಮೌಂಟ್ ಜೊತೆಗೇ ವಾಲುವುದರಿಂದ ಸರಳಿಗೂ ಕಾಲಿಗೂ ನಡುವಿನ ಜಾಗ 22 ಡಿಗ್ರಿಯ ಮೌಂಟ್‌ನಷ್ಟೇ ಉಳಿಯುತ್ತದೆ. ಹೀಗೆ ವಾಲಿಸಿದಾಗ ಮಾತ್ರ ಒಂದು ಕಾಲು ಉತ್ತರಕ್ಕೇ ಇರಲಿ. ಬೀಳುವ ದಿಕ್ಕಿಗೆ ಆಸರೆ ಬೇಕು.

ನೆಲ

ಎರೆಭೂಮಿಯ ಮೇಲೆ ಮುಕ್ಕಾಲಿ ನಿಲ್ಲಿಸಿದವರಿಗೆ ಗೊತ್ತಿರುತ್ತದೆ: ಸಂಜೆ ಗಟ್ಟಿ ಅನ್ನಿಸಿದ ನೆಲದಲ್ಲಿ ಚೂಪು ಪಾದ ರಾತ್ರಿಯಿಡೀ ಇಳಿಯುತ್ತಲೇ ಇರುತ್ತದೆ. ಒಂದು ಮೀಟರ್ ಅಂತರದ ಮುಕ್ಕಾಲಿಯಲ್ಲಿ ಒಂದು ಕಾಲು 2 ಮಿ.ಮೀ. ಕೂತರೆ ಅಕ್ಷ ಸುಮಾರು 8 ಕಲೆ ವಾಲಿತು. ಇಡೀ ಸಂಜೆಯ ಹೊಂದಾಣಿಕೆ ಹೋಯಿತು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣಿನಲ್ಲಿ ಕಾಯಂ ಕಂಬ ಹಾಕುವವರು ಎರೆಮಣ್ಣಿನ ಪದರ ದಾಟಿ ಗಟ್ಟಿ ನೆಲದವರೆಗೆ ಪಾಯ ತೆಗೆಯಬೇಕು. ಹೊಲದಂಚಿನಲ್ಲಿ ಒಂದು ರಾತ್ರಿಗೆ ಬಿಡಾರ ಹೂಡುವವರಿಗೆ ನಮ್ಮ ಕಡೆ ಸುಲಭದ ಉಪಾಯವಿದೆ. ಒಂದಡಿ ಚದರದ ಶಹಾಬಾದ್ ಫರಸಿಯ ಮೂರು ತುಂಡುಗಳನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ, ಪ್ರತಿ ಪಾದದ ಕೆಳಗೆ ಒಂದರಂತೆ ಒತ್ತಿ ಕೂರಿಸಿ. ಪಾದ ಜಾರದಂತೆ ಕಲ್ಲಿನ ನಡುವೆ ಉಳಿಯಿಂದ ಚಿಕ್ಕ ಗುಳಿ ಮಾಡಿಸಿಟ್ಟುಕೊಂಡರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಉತ್ತರ ಯಾವ ಕಡೆ

ಇಲ್ಲಿ ಅಕ್ಷಾಂಶಕ್ಕಿಂತ ದಿಕ್ಕಿನ ತಪ್ಪು ಕಡಿಮೆ ಮುಖ್ಯ ಎಂದು ತಿಳಿಯಬೇಡಿ. ಮೌಂಟನ್ನು ಎಡಬಲಕ್ಕೆ ಒಂದು ಡಿಗ್ರಿ ತಿರುಗಿಸಿದರೆ ಅಕ್ಷದ ತುದಿ ಆಕಾಶದಲ್ಲಿ ಸರಿಯುವುದೂ ಅದೇ ಕೊಸೈನ್‌ನಷ್ಟು. 50 ಡಿಗ್ರಿಯ ಊರಿನಲ್ಲಿ ಒಂದು ಡಿಗ್ರಿ ದಿಕ್ಕು ತಪ್ಪಿದರೆ ಧ್ರುವದಿಂದ 0.64 ಡಿಗ್ರಿ ದೂರ, ಇಲ್ಲಿ 0.95 ಡಿಗ್ರಿ.

ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರದಿಂದ ನಮ್ಮ ಕಡೆ ಒಂದು ಡಿಗ್ರಿ ಆಸುಪಾಸು ಮಾತ್ರ ಸರಿಯುತ್ತದೆ, ಅದು ದೊಡ್ಡ ತೊಂದರೆಯಲ್ಲ. ಮಾಳಿಗೆಯ ಆರ್‌ಸಿಸಿಯೊಳಗಿನ ಸರಳು, ಮುಕ್ಕಾಲಿಯ ಉಕ್ಕು, ಎದುರುತೂಕ ಇವು ಮುಳ್ಳನ್ನು ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತವೆ. ದಿಕ್ಸೂಚಿಯನ್ನು ಮೌಂಟ್ ಮೇಲಿಟ್ಟು ನೋಡಲೇಬಾರದು.

ನೆರಳು ನೋಡಿ ಉತ್ತರ ಹಿಡಿಯುವವರು ಕ್ಯಾಲೆಂಡರನ್ನೂ ನೋಡಬೇಕು. ಡಿಸೆಂಬರ್ ಕೊನೆಗೆ ಕಲಬುರಗಿಯಲ್ಲಿ ಒಂದು ಮೀಟರ್ ಕೋಲಿನ ನಡುಹಗಲಿನ ನೆರಳು 86 ಸೆಂ.ಮೀ., ನೇರ ಉತ್ತರಕ್ಕೆ. ಮೇ 9ರ ಆಸುಪಾಸು ಮತ್ತು ಆಗಸ್ಟ್ 3ರ ಆಸುಪಾಸು ಸೂರ್ಯ ನೆತ್ತಿಯ ಮೇಲೆ, ನೆರಳೇ ಇಲ್ಲ. ಆ ಎರಡರ ನಡುವೆ ನೆರಳು ತಿರುಗಿ ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ಕ್ಕೆ 10.7 ಸೆಂ.ಮೀ. ನಡುಹಗಲೆಂದರೆ ಗಡಿಯಾರದ 12 ಅಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕಲಬುರಗಿ 76 ಡಿಗ್ರಿ 50 ಕಲೆಯಲ್ಲಿದೆ. ಹಾಗಾಗಿ ಸರಾಸರಿ 12 ಗಂಟೆ 23 ನಿಮಿಷ. ಫೆಬ್ರುವರಿ ನಡುವಿಗೆ 12:37ರವರೆಗೆ ಹೋಗುತ್ತದೆ, ನವೆಂಬರ್ ಮೊದಲಿಗೆ 12:06ಕ್ಕೇ ಆಗುತ್ತದೆ. ಆ ಹೊತ್ತಿನಲ್ಲಿ ಸೂರ್ಯನ ದಿಕ್ಕು ಬೇಗ ಬದಲಾಗುತ್ತದೆ: ಡಿಸೆಂಬರಿನಲ್ಲಿ ನಿಮಿಷಕ್ಕೆ ಮೂರನೇ ಒಂದು ಡಿಗ್ರಿ, ಫೆಬ್ರುವರಿಯಲ್ಲಿ ಅರ್ಧ ಡಿಗ್ರಿ.

ಗಡಿಯಾರದ ಹಂಗಿಲ್ಲದ ಹಳೆಯ ಶಂಕುವಿನ ವಿಧಾನ ಇದಕ್ಕಿಂತ ಮೇಲು. ಮಾಳಿಗೆಯ ಸಮತಟ್ಟು ಜಾಗದಲ್ಲಿ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನೇ ಕೇಂದ್ರ ಮಾಡಿ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಬಿಂದು, ಮಧ್ಯಾಹ್ನದ ಮೇಲೆ ಹೊರಹೋಗುವ ಬಿಂದು, ಎರಡನ್ನೂ ಗುರುತಿಸಿ ಸೇರಿಸಿದರೆ ಪೂರ್ವ–ಪಶ್ಚಿಮ ಗೆರೆ. ಅದಕ್ಕೆ ಲಂಬ ಎಳೆದರೆ ಉತ್ತರ. ಒಮ್ಮೆ ಎಳೆದು ಎಣ್ಣೆ ಬಣ್ಣದಿಂದ ಗಟ್ಟಿ ಮಾಡಿಟ್ಟರೆ ಮೋಡ ಮುಸುಕಿದ ಸಂಜೆಯೂ ಕೆಲಸಕ್ಕೆ ಬರುತ್ತದೆ.

ಧ್ರುವ ಕಂಡರೆ

ಧ್ರುವ ನಕ್ಷತ್ರ ಇಲ್ಲಿ ದಿಗಂತಕ್ಕೆ ಹತ್ತಿರ. 6 ಮೀಟರ್ ಎತ್ತರದ ಮನೆ ಉತ್ತರಕ್ಕಿದ್ದು, ನಿಮ್ಮ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದರೆ, ಆ ಮನೆಯಿಂದ ಕನಿಷ್ಠ 16 ಮೀಟರ್ ದೂರ ನಿಂತರೆ ಮಾತ್ರ ಧ್ರುವ ಎಲ್ಲ ಹೊತ್ತಿನಲ್ಲೂ ಕಾಣುತ್ತದೆ. ಅದರ ಬೆಳಕು ನೆತ್ತಿಯ ನಕ್ಷತ್ರದ ಬೆಳಕಿಗಿಂತ ಮೂರು ಪಟ್ಟಿಗೂ ಹೆಚ್ಚು ಗಾಳಿ ದಾಟಿ ಬರಬೇಕು. ಬೇಸಿಗೆಯ ದೂಳಿನಲ್ಲಿ, ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಬೆಳಕು ಉತ್ತರಕ್ಕೆ ಬರುವಂತೆ ನಿಂತರೆ, ಬರಿಗಣ್ಣಿಗೆ ಸಿಗುವುದೇ ಕಷ್ಟ. ಬೇಸಿಗೆಯ ಸಂಜೆ ಸಪ್ತರ್ಷಿಗಳ ಚೌಕದಲ್ಲಿ ಬಾಲಕ್ಕೆ ದೂರದ ಅಂಚಿನ ಪುಲಹ–ಕ್ರತು ಜೋಡಿಯ ಗೆರೆ ಹಿಡಿದು, ಚಳಿಗಾಲದ ಸಂಜೆ W ಆಕಾರದ ಕ್ಯಾಸಿಯೋಪಿಯಾ ನಕ್ಷತ್ರಪುಂಜದ ಸಹಾಯದಿಂದ ಹುಡುಕಬೇಕು.

ಧ್ರುವ ನಕ್ಷತ್ರವೇ ಧ್ರುವ ಬಿಂದುವಲ್ಲ. ಈಗ ಎರಡರ ನಡುವೆ ಸುಮಾರು 38 ಕಲೆ ಅಂತರ. ನಕ್ಷತ್ರವನ್ನೇ ನಡುವಿಗೆ ತಂದು ಬಿಟ್ಟರೆ, ನೋಡುತ್ತಿರುವ ಕಾಯ ನೋಟದಲ್ಲಿ ಮೆಲ್ಲಗೆ ಸರಿಯುವ ಜಾರು ನಿಮಿಷಕ್ಕೆ 10 ವಿಕಲೆವರೆಗೂ ಉಳಿಯುತ್ತದೆ. ಶನಿಯನ್ನೋ ಚಂದ್ರನನ್ನೋ ಕಣ್ಣಿಟ್ಟು ನೋಡುವವರಿಗೆ ಅದು ಲೆಕ್ಕಕ್ಕಿಲ್ಲ, ಅಲ್ಲಿಗೇ ನಿಲ್ಲಿಸಿ ನೋಡಲು ಶುರು ಮಾಡಬಹುದು. ಆದರೆ 600 ಮಿ.ಮೀ. ಕೊಳವೆಯಲ್ಲಿ 30 ಸೆಕೆಂಡಿನ ಚಿತ್ರ ತೆಗೆದರೆ 3.9 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾದಲ್ಲಿ ನಕ್ಷತ್ರ ಮೂರ್ನಾಲ್ಕು ಪಿಕ್ಸೆಲ್ ಎಳೆದುಕೊಂಡಿರುತ್ತದೆ.

ಡಿಸೆಂಬರ್ ಕೊನೆಯ ವಾರ ರಾತ್ರಿ 9ರ ಸುಮಾರಿಗೆ ನಕ್ಷತ್ರ ಧ್ರುವ ಬಿಂದುವಿನ ನೇರ ಮೇಲೆ, ಕಲಬುರಗಿಯಿಂದ 18 ಡಿಗ್ರಿ ಎತ್ತರದಲ್ಲಿ. ಮಾರ್ಚ್ ಕೊನೆಗೆ ಅದೇ ಹೊತ್ತಿಗೆ ಎಡಕ್ಕೆ, ಜೂನ್ ಕೊನೆಗೆ ನೇರ ಕೆಳಗೆ 16.7 ಡಿಗ್ರಿಯಲ್ಲಿ, ಸೆಪ್ಟೆಂಬರಿನಲ್ಲಿ ಬಲಕ್ಕೆ. ಧ್ರುವ ಅಕ್ಷದೊಳಗಿನ ಚಿಕ್ಕ ದೂರದರ್ಶಕವಾದ ಪೋಲಾರ್ ಸ್ಕೋಪಿನಲ್ಲಿ ಚಿತ್ರ ತಲೆಕೆಳಗಾಗಿ ಕಾಣುವುದರಿಂದ ಡಿಸೆಂಬರಿನಲ್ಲಿ ಅದನ್ನು ವೃತ್ತದ ಕೆಳತುದಿಗೆ ಕೂರಿಸಬೇಕು. ಅಕ್ಷ ಮಲಗಿರುವುದರಿಂದ ಚಿಕ್ಕ ಸ್ಟೂಲಿನ ಮೇಲೆ ಕೂತು ಹೆಚ್ಚುಕಡಿಮೆ ನೇರ ನೋಡಬಹುದು, ಕತ್ತು ಮುರಿದುಕೊಳ್ಳಬೇಕಿಲ್ಲ. ಗಾಳಿಯಲ್ಲಿ ಬೆಳಕು ಬಾಗುವುದರಿಂದ ಈ ಎತ್ತರದಲ್ಲಿ ಎಲ್ಲವೂ ಸುಮಾರು 3 ಕಲೆ ಮೇಲೆ ಕಾಣುತ್ತದೆ. ಕ್ಯಾಮೆರಾದಿಂದ ಧ್ರುವ ಹೊಂದಿಸುವ ತಂತ್ರಾಂಶಗಳಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯುವ ಆಯ್ಕೆ ಇದ್ದರೆ ಹಾಕಿಕೊಳ್ಳಿ.

ಗೋ-ಟು ಕೈಯಂತ್ರಕ್ಕೆ ಊರಿನ ವಿವರ ಕೊಡುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. ಫೋನಿನ ನಕ್ಷೆ 17.33 ಎನ್ನುತ್ತದೆ, ಯಂತ್ರ ಕೇಳುವುದು ಡಿಗ್ರಿ ಮತ್ತು ಕಲೆ. 17.33 ಎಂದರೆ 17 ಡಿಗ್ರಿ 20 ಕಲೆ. 33 ಎಂದು ಒತ್ತಿದವರು ಅಲ್ಲೇ 13 ಕಲೆ ತಪ್ಪಿದರು. ಕಾಲವಲಯ +5:30. ಕೆಲವು ಯಂತ್ರಗಳು ದಿನಾಂಕದಲ್ಲಿ ತಿಂಗಳನ್ನು ಮೊದಲು ಕೇಳುತ್ತವೆ, ಅದನ್ನೂ ಗಮನಿಸಿ.

ಧ್ರುವ ಕಾಣದಿದ್ದರೆ

ಮನೆಯೋ ಬೇವಿನ ಮರವೋ ಉತ್ತರವನ್ನು ಮುಚ್ಚಿದ್ದರೆ ನಕ್ಷತ್ರದ ಜಾರು ನೋಡಿ ಹೊಂದಿಸಬೇಕು. ತಾಳ್ಮೆ ಬೇಡುವ ಕೆಲಸ ಇದು. ಆದರೆ ಎಲ್ಲಕ್ಕಿಂತ ನಂಬಿಗಸ್ತ. ಅಡ್ಡಗೆರೆಗಳಿರುವ ಐಪೀಸ್ (ಕಣ್ಣಿಡುವ ಮಸೂರ) ಬೇಕು, ಮೋಟಾರು ಓಡುತ್ತಿರಬೇಕು.

ಜನವರಿ ಕೊನೆಯ ರಾತ್ರಿ 9 ಗಂಟೆ ಎಂದುಕೊಳ್ಳೋಣ. ಓರಿಯನ್‌ನ ನಡುಪಟ್ಟಿಯ ಮಿಂಟಕ ಖಗೋಳ ಸಮಭಾಜಕದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆಯ) ಮೇಲೇ ಇರುವ ನಕ್ಷತ್ರ. ಆಗ ದಕ್ಷಿಣಕ್ಕೆ 72 ಡಿಗ್ರಿ ಎತ್ತರದಲ್ಲಿ ನೆತ್ತಿಯ ಸಾಲು (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹೋಗುವ ಗೆರೆ) ದಾಟುತ್ತಿರುತ್ತದೆ. ಅದನ್ನು ಗೆರೆಗಳ ನಡುವೆ ತನ್ನಿ. ಐಪೀಸಿನಲ್ಲಿ ದಕ್ಷಿಣ ಯಾವ ಕಡೆ ಎಂದು ತಿಳಿಯಲು ಕೊಳವೆಯ ಮೂತಿಯನ್ನು ಬೆರಳಿನಿಂದ ಉತ್ತರಕ್ಕೆ ಮೆಲ್ಲಗೆ ಒತ್ತಿ. ನಕ್ಷತ್ರ ಸರಿದ ಕಡೆ ದಕ್ಷಿಣ. ಐದು ನಿಮಿಷ ಬಿಡಿ. ಪೂರ್ವ–ಪಶ್ಚಿಮದ ಸರಿದಾಟ ಏನಿದ್ದರೂ ಲೆಕ್ಕಕ್ಕೆ ಹಿಡಿಯಬೇಡಿ, ಉತ್ತರ–ದಕ್ಷಿಣದ್ದು ಮಾತ್ರ ನೋಡಿ. ದಕ್ಷಿಣಕ್ಕೆ ಜಾರಿದರೆ ಅಕ್ಷದ ತುದಿ ಧ್ರುವದಿಂದ ಪೂರ್ವಕ್ಕೆ ಹೋಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ದಿಕ್ಕಿನ ತಿರುಪುಗಳಿಂದ ತಿದ್ದಿ. 10 ಕಲೆ ತಪ್ಪಿದ್ದರೆ ಐದು ನಿಮಿಷಕ್ಕೆ 13 ವಿಕಲೆ ಜಾರುತ್ತದೆ, ದೊಡ್ಡ ಪವರಿನಲ್ಲಿ ಚೆನ್ನಾಗಿ ತಿಳಿಯುತ್ತದೆ.

ಆಮೇಲೆ ಪೂರ್ವಕ್ಕೆ ತಿರುಗಿ. ಅದೇ ಹೊತ್ತಿಗೆ ಆಲ್ಫಾರ್ಡ್ ನಕ್ಷತ್ರ ಸುಮಾರು 25 ಡಿಗ್ರಿ ಎತ್ತರದಲ್ಲಿರುತ್ತದೆ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಾಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಪೂರ್ವ ಮುಚ್ಚಿದ್ದು ಪಶ್ಚಿಮದ ನಕ್ಷತ್ರ ಹಿಡಿದರೆ ಇವೆರಡೂ ಅದಲುಬದಲು. ಇಲ್ಲಿ ನಮ್ಮ ಅಕ್ಷಾಂಶದ ಒಂದು ಲಾಭವಿದೆ. ನಮ್ಮಲ್ಲಿ ನಕ್ಷತ್ರಗಳು ಓರೆಯಾಗಿ ಅಲ್ಲ, ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತವೆ. ಗಾಳಿ ಬೆಳಕನ್ನು ಬಾಗಿಸುವುದೂ ಅದೇ ಮೇಲು–ಕೆಳಗಿನ ಗೆರೆಯಲ್ಲಿ. ಹಾಗಾಗಿ ಆ ಬಾಗು ನಾವು ಅಳೆಯುತ್ತಿರುವ ಉತ್ತರ–ದಕ್ಷಿಣದ ಜಾರಿನಲ್ಲಿ ಬೆರೆಯುವುದು ಕಡಿಮೆ.

ಎತ್ತರ ತಿದ್ದಿದ ಮೇಲೆ ಮತ್ತೆ ನೆತ್ತಿಯ ಸಾಲಿನ ನಕ್ಷತ್ರಕ್ಕೆ ಬನ್ನಿ, ಮುಕ್ಕಾಲಿ ಮಟ್ಟವಿಲ್ಲದಿದ್ದರೆ ಒಂದು ತಿದ್ದಿದಾಗ ಇನ್ನೊಂದು ಸ್ವಲ್ಪ ಕದಲಿರುತ್ತದೆ. ಸಾಮಾನ್ಯವಾಗಿ ಎರಡು ಮೂರು ಸುತ್ತಿಗೆ ಮುಗಿಯುತ್ತದೆ. ಎರಡೂ ಬೋಲ್ಟು, ಎರಡೂ ತಿರುಪು, ನಡುವಿನ ದೊಡ್ಡ ತಿರುಪು ಎಲ್ಲ ಬಿಗಿ ಮಾಡಿ. ಬಿಗಿ ಮಾಡುವಾಗಲೂ ಅಕ್ಷ ಕದಲುವುದುಂಟು, ಆದ್ದರಿಂದ ಕೊನೆಗೊಮ್ಮೆ ಐದು ನಿಮಿಷ ನೋಡಿ. ಮೌಂಟ್ ಇರುವುದು ಮಾಳಿಗೆಯ ಮೇಲಾದರೆ ಮೂರು ಪಾದಗಳ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಮಾರನೇ ದಿನ ಅದರ ಮೇಲೇ ಎಣ್ಣೆ ಬಣ್ಣ ಬಳಿಯಿರಿ. ಕಾಲುಗಳ ಉದ್ದ ಬದಲಿಸದೆ ಮುಂದಿನ ಸಲ ಅದೇ ಗುರುತಿಗೆ ಇಟ್ಟರೆ, ತಿದ್ದಲು ಉಳಿಯುವುದು ಕಾಲು ಸುತ್ತಿನಷ್ಟು ಮಾತ್ರ.